ನೀಲಗಂಗಾ ನುಂಗಿದ ಎರಡು ಏಳು

ಗಾಳಿಪೇಟೆ, ಕಪ್ಪತಗುಡ್ಡದ ಮೇಲ್ಗಡೆ
ಗಾಳಿಯೆಣಿಕೆಯ ೧೪೧ನೆಯ ವರ್ಷ, ನಡುಮಾಸದ ಮೂವತ್ತೆರಡನೆಯ ದಿನ

ಇನ್ನೂ ತೊಟ್ಟಿಲು ಕಾಣದ ಮಹಾಜನರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಹಿರಿಯರ ಕಾಲದಲ್ಲಿ ಋತುಗಳು ಪಂಚಾಂಗದ ಮಾತು ಕೇಳುವುದನ್ನು ಬಿಟ್ಟವು. ಆಗ ಬೇಸಿಗೆಗೂ ಮಳೆಗೂ ನಡುವೆ ಒಂದು ಹೆಚ್ಚಿನ ತಿಂಗಳನ್ನು ತುರುಕಿ, ನಡುಮಾಸವೆಂದು ಹೆಸರಿಟ್ಟು, ಎಲ್ಲಿಯೂ ಹಿಡಿಸದ ದಿನಗಳನ್ನೆಲ್ಲ ಅದರ ಬೆನ್ನಿಗೆ ಹೇರಿದರು. ನನ್ನ ಮಾತುಗಳೂ ನಿಮಗೆ ಹಳೆಯ ಟ್ರಂಕಿನ ಜರಿ ಶಾಲಿನಂತೆ ಕಂಡರೆ ಮನ್ನಿಸಬೇಕು. ನಾನು ನಾಟಕದವನು, ಹೆಸರು ಸಂಗನಬಸಪ್ಪ. ಪರದೆಯ ಹಿಂದೆ ಹುಟ್ಟಿ, ಬಣ್ಣದ ಡಬ್ಬಿಗಳ ಮಗ್ಗುಲಲ್ಲಿ ಮಲಗಿ ಬೆಳೆದವನು. ನಾನು ಉಪ್ಪು ಕೇಳಿದರೆ ಮೂರು ಮನೆಯಾಚೆಗಿನವರು ಉಪ್ಪು ತರುತ್ತಾರೆ. ಇಂಥ ಗಂಟಲಿನವನು ಬಾಳಿನಲ್ಲಿ ಒಮ್ಮೆ, ಮಾತಾಡಲೇಬೇಕಾದ ಗಳಿಗೆಯಲ್ಲಿ, ಬಾಯಿ ಮುಚ್ಚಿಕೊಂಡ. ಅದರ ಕಥೆಯೇ ಈ ಕಾಗದ.

ಮೊದಲು ಕಿವಿಮಣಿಯ ವಿಷಯ ಹೇಳಬೇಕು, ನಿಮ್ಮ ಕಾಲಕ್ಕೆ ಅದು ಉಳಿದಿದೆಯೋ ಇಲ್ಲವೋ. ಮೆಂತ್ಯದ ಕಾಳಿನಷ್ಟು ದೊಡ್ಡದು. ಮಗು ಮಾತು ಕಲಿತ ಕೂಡಲೇ ಕಿವಿಯ ಹಿಂದೆ ಕೂರಿಸುತ್ತಾರೆ. ಅಲ್ಲಿಂದ ಮುಂದೆ ಆ ಮಗು ಕೇಳಿದ ಪ್ರತಿ ಮಾತೂ ಮಣಿಯೊಳಗೆ ಅಕ್ಷರವಾಗಿ ಕೂರುತ್ತದೆ. ಹಾಗಾಗಿ ನಮ್ಮಲ್ಲಿ ಯಾರೂ ಏನನ್ನೂ ನೆನಪಿಡುವುದಿಲ್ಲ. ಹೋಳಿಗೆಗೆ ಬೆಲ್ಲ ಎಷ್ಟೆಂದು ಅತ್ತೆಯನ್ನು ಕೇಳುವ ಸೊಸೆಯಿಲ್ಲ, ಮಣಿಯನ್ನು ಕೇಳುತ್ತಾಳೆ. ಗಂಡಹೆಂಡಿರ ಜಗಳದಲ್ಲಿ ಮೊದಲ ಮಾತೇ "ಮಣಿ ತಗೀ, ನೋಡೇ ಬಿಡೋಣು" ಎಂಬುದು. ನಾಟಕದವರಿಗೆ ಮಾತ್ರ ಒಂದು ರಿಯಾಯಿತಿ ಇದೆ. ಮಣಿ ಕಿವಿಯಲ್ಲಿ ಮಾತು ಊದಿದರೆ ನಟನ ಮುಖ ಸತ್ತುಹೋಗುತ್ತದೆಂದು ನಮ್ಮ ಅಜ್ಜಂದಿರು ಹೋರಾಡಿ, ಬರಿಗಿವಿಯಲ್ಲಿ ಬದುಕುವ ಹಕ್ಕನ್ನು ಗೆದ್ದರು. ಬರಿಗಿವಿಯವನ ಸಾಕ್ಷಿ ಕಾಯ್ದೆಯ ಮುಂದೆ ಇಂದಿಗೂ ನಡೆಯುತ್ತದೆ. ಮಣಿಯದು ಒಂದೇ ಐಬು. ಅದು ಮಾತನ್ನು ಇಡುತ್ತದೆ, ದನಿಯನ್ನು ಇಡುವುದಿಲ್ಲ. "ಬಾ" ಎಂದದ್ದು ಅದಕ್ಕೆ ಗೊತ್ತು. ಕರೆದರೋ ಗದರಿಸಿದರೋ ಗೊತ್ತಿಲ್ಲ.

ಇನ್ನು ನೀಲಗಂಗಾ. ನನ್ನ ತಂಗಿಯ ಮಗಳು, ಈಗ ಮೂವತ್ತಾರು ವರ್ಷದವಳು. ಮೂರು ಸಲ ಮಣಿ ಕೂರಿಸಿದರು, ಮೂರು ಸಲವೂ ಜ್ವರ ಬಂದು ತೆಗೆದರು. ಕೊನೆಗೆ ನೋಡಿದರೆ ಅವಳಿಗೆ ಮಣಿ ಬೇಕಾಗಿಯೇ ಇರಲಿಲ್ಲ. ನಾಲ್ಕನೆಯ ವಯಸ್ಸಿನಿಂದ ಕೇಳಿದ ಒಂದು ಮಾತನ್ನೂ ಅವಳು ಮರೆತಿಲ್ಲ. ಗುಡ್ಡದ ಗಾಳಿಗಿರಣಿಗಳ ರೆಕ್ಕೆ ಸುತ್ತುವುದನ್ನು ಬೇಡವೆಂದರೂ ಅವಳ ತಲೆ ಎಣಿಸುತ್ತದೆ. ಊಟಕ್ಕೆ ಕೂತಾಗ "ಇವತ್ತು ಗಾಳಿ ನಿನ್ನೆಗಿಂತ ನಾನೂರಾ ಹನ್ನೆರಡು ಸುತ್ತು ಕಮ್ಮಿ" ಎಂದು ಸಾರು ಕಲಸುತ್ತಾಳೆ. ದನಿಯೂ ಅವಳಲ್ಲಿ ಹಾಗೆಯೇ ಉಳಿಯುತ್ತದೆ. ಅದಕ್ಕೇ ಜನ ಅವಳ ಕಟ್ಟೆಗೆ ಬರುತ್ತಿದ್ದರು. "ನೀಲಕ್ಕಾ, ನಮ್ಮವ್ವ ಕಡೀಕ ನನ್ನ ಹ್ಯಾಂಗ ಕರದ್ಳು, ಒಂದ್ಸಲ ಅಂದ್ ತೋರ್ಸು" ಎಂದು ಗಡ್ಡ ನರೆತವರು ಬಂದು ಕೂರುತ್ತಿದ್ದರು. ಇವಳು ಆ ತಾಯಿಯ ಕೆಮ್ಮನ್ನೂ ಬಿಡದೆ ಹೇಳುತ್ತಿದ್ದಳು. ನಲವತ್ತು ವರ್ಷ ರಂಗದ ಮೇಲೆ ಗುಡುಗಿದ ನಾನು ಯಾರನ್ನೂ ಹಾಗೆ ಅಳಿಸಿಲ್ಲ.

ಎಣಿಕೆಮನೆಯವರ ಕಿವಿಗೆ ಇದು ಬೀಳದೆ ಇದ್ದೀತೇ? ಊರಿನ ಮಣಿಗಳನ್ನೆಲ್ಲ ಆಳುವ ಕಚೇರಿ ಅದು. ಎಂದೂ ಮರೆಯದ ಮನಸ್ಸು ಊರಿನ ಸ್ವತ್ತು ಎಂಬುದು ಅವರ ಕಾಯ್ದೆ. ಪರೀಕ್ಷೆ ಮಾಡುತ್ತಾರೆ. ತೇರ್ಗಡೆಯಾದವರನ್ನು 'ಇಳಿಸುತ್ತಾರೆ'. ಎಂದರೆ, ತಲೆಯಲ್ಲಿರುವುದನ್ನೆಲ್ಲ ಯಂತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಇಳಿಸಿದ ಮೇಲೆ ತಲೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಕೆಳಪೇಟೆಯ ಗುರುಶಾಂತನನ್ನು ಇಳಿಸಿ ಒಂಬತ್ತು ವರ್ಷವಾಯಿತು. ಎಂಥ ಗುಣಾಕಾರವನ್ನೂ ಎಲೆಯಡಿಕೆ ಅಗಿಯುತ್ತ ಹೇಳುತ್ತಿದ್ದವನು ಈಗ ಬಾಗಿಲಲ್ಲಿ ಕೂತು, ಹೋಗಿಬರುವವರನ್ನೆಲ್ಲ ನಗುನಗುತ್ತ "ಊಟ ಆತ್ರೀ?" ಎಂದು ಕೇಳುತ್ತಾನೆ. ಅದೇ ಮನುಷ್ಯ ಹೊರಳಿ ಬಂದರೆ ಮತ್ತೆ ಕೇಳುತ್ತಾನೆ.

ಹೋದ ವರ್ಷ ನೀಲಾಗೂ ಕರೆ ಬಂತು. ಪರೀಕ್ಷೆಯ ದಿನ ದಾರಿಯುದ್ದಕ್ಕೂ ಅವಳಿಗೆ ಕೈಮುಗಿದೆ. "ನಮ್ಮವ್ವಾ, ನಡುವ ಎರಡು ಅಂಕಿ ತಪ್ಪಿಸಿಬಿಡು. ಬಿಟ್ಟುಬಿಡ್ತಾರ."

ಅವಳು ನಿಂತು ನನ್ನ ಮುಖ ನೋಡಿದಳು. "ತಪ್ಪು ಹ್ಯಾಂಗ ಹೇಳಬೇಕು ಮಾಮಾ? ಅದು ಎಲ್ಲಿ ಇರ್ತದ?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಪರೀಕ್ಷೆಯ ಪದ್ಧತಿ ಹೀಗೆ. ಹಿರಿಯ ಎಣಿಕೆಗಾರ್ತಿ ಶರಣಮ್ಮನವರು ಬಾಯಿಗೆ ಬಂದ ಅಂಕಿಗಳನ್ನು ಹೇಳುತ್ತ ಹೋಗುತ್ತಾರೆ. ಬರೆದಿಟ್ಟರೆ ಯಾರಾದರೂ ಕದ್ದಾರೆಂದು ಚೀಟಿಯೂ ಇರುವುದಿಲ್ಲ. ಮರಳುಗಡಿಯಾರ ಬರಿದಾದಾಗ ಒಬ್ಬ ಘಂಟೆ ಬಾರಿಸುತ್ತಾನೆ, ಅಲ್ಲಿಗೆ ಅಂಕಿ ನಿಲ್ಲುತ್ತವೆ. ಅಂದು ಘಂಟೆಯ ಹತ್ತಿರ ಇದ್ದವನು ಆಕೆಯ ತಮ್ಮನೇ, ವಿರೂಪಾಕ್ಷ. ಹಬ್ಬದೂಟ ಮುಗಿಸಿ ಬಂದಿದ್ದ ಮಹಾಶಯ ಕಂಬಕ್ಕೊರಗಿ ನಿದ್ದೆಹೋದ. ಮರಳು ಮುಗಿಯಿತು. ಶರಣಮ್ಮನವರು ಓರೆಗಣ್ಣಲ್ಲಿ ಅವನನ್ನು ನೋಡಿ "ಏಳು" ಎಂದರು. ಅಲುಗಲಿಲ್ಲ. ಹಲ್ಲು ಕಚ್ಚಿ ಮತ್ತೊಮ್ಮೆ "ಏಳು" ಎಂದರು. ಧಡಕ್ಕನೆ ಎದ್ದು ಬಾರಿಸಿದ. ನೀಲಗಂಗಾ ಕಣ್ಣು ಮುಚ್ಚಿ ನೂರಾ ಎಂಟು ಅಂಕಿಗಳನ್ನು ಒಪ್ಪಿಸಿ, ಸೆರಗು ಸರಿಮಾಡಿಕೊಂಡು "ಮುಗೀತ್ರಿ" ಎಂದಳು.

ಐವರು ಪರೀಕ್ಷಕರೂ ಮಣಿ ಮುಟ್ಟಿ ನೋಡಿಕೊಂಡರು. "ಇನ್ನೂ ಎರಡು ಅದಾವಲ್ಲವಾ" ಎಂದರು ಶರಣಮ್ಮ. "ನೂರಾ ಹತ್ತು. ಕಡೀಕ ಏಳು, ಏಳು."

"ಅವು ಅಂಕಿ ಅಲ್ರೀ. ತಮ್ಮಗ ಎಬ್ಬಿಸಿದ್ರಿ ನೀವು. ಒಂದ್ಸಲ ಕರದ್ರಿ, ಒಂದ್ಸಲ ಬೈದ್ರಿ."

"ನಾ ಎಬ್ಬಿಸಿದ್ದು ಮಣಿಯೊಳಗ ಇಲ್ಲ. ಏಳು ಅದಾವ, ಎರಡು." ಆಕೆ ಸುಳ್ಳಾಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆಕೆಗೆ ಅದು ಆಗಲೇ ನೆನಪಿರಲಿಲ್ಲ. ವಿರೂಪಾಕ್ಷನಂತೂ ನಿದ್ದೆಯಲ್ಲಿದ್ದ.

ನೀಲಾ ನನ್ನ ಕಡೆ ತಿರುಗಿದಳು. "ಮಾಮಾ, ನೀ ಕೇಳೀದಿ. ನಿನ್ನ ಕಿವಿ ಬರಿಗಿವಿ. ಹೇಳು."

ಕೇಳಿದ್ದೆ. ಕೂಗುವ ದನಿಗೂ ಎಣಿಸುವ ದನಿಗೂ ಇರುವ ಅಂತರ ನನಗಲ್ಲದೆ ಇನ್ನಾರಿಗೆ ತಿಳಿಯಬೇಕು? ಹೌದೆಂದರೆ ಅವಳು ಗೆದ್ದಳು, ಗೆದ್ದರೆ ಇಳಿಸುತ್ತಾರೆ. ಗುರುಶಾಂತನ ನಗು ಕಣ್ಣ ಮುಂದೆ ಬಂತು. ನನ್ನದೆಂದು ನನಗೇ ಗುರುತು ಸಿಗದಂಥ ಸಣ್ಣ ದನಿಯಲ್ಲಿ "ನನಗ ನೆನಪಿಲ್ಲ" ಎಂದೆ.

ಕಡತದಲ್ಲಿ 'ಕೇಳಿದ ಅಂಕಿ ನೂರಾ ಹತ್ತು, ಅನುತ್ತೀರ್ಣ' ಎಂದು ಬರೆದು ಮನೆಗೆ ಕಳಿಸಿದರು. ಉಳಿಸಿಕೊಂಡೆನೆಂದು ಎದೆಯುಬ್ಬಿಸಿದೆ. ಒಂದು ವಾರದಲ್ಲಿ ಕಟ್ಟೆ ಖಾಲಿಯಾಯಿತು. ಪೇಟೆಯಲ್ಲಿ ಅವಳಿಗೆ 'ಏಳು ನುಂಗಿದ ನೀಲವ್ವ' ಎಂದು ಹೆಸರು ಬಿತ್ತು. "ಎರಡು ಏಳು ನೆನಪಿಡಲಿಕ್ಕೆ ಆಗಲಿಲ್ಲ, ಇನ್ನ ನಮ್ಮವ್ವನ ಮಾತು ಇಟ್ಟಿರ್ತಾಳೇನು" ಎಂದು ನಕ್ಕವರು, ಅದೇ ಕಟ್ಟೆಯ ಮೇಲೆ ಅತ್ತಿದ್ದವರೇ. ಅವಳು ನನಗೆ ಊಟ ಬಡಿಸುತ್ತಾಳೆ, ಬಟ್ಟೆ ಒಣಹಾಕುತ್ತಾಳೆ. ಆದರೆ ಗಾಳಿಯ ಸುತ್ತು ಎಷ್ಟೆಂದು ಮಾತ್ರ ಈಗ ಹೇಳುವುದಿಲ್ಲ.

ಇದೆಲ್ಲವನ್ನು ನಿಮಗೆ ಬರೆದು, ನಾವಿಬ್ಬರೂ ಸತ್ತ ಮೇಲೆ ಯಾರಾದರೂ ತೆರೆಯಲೆಂದು ರಂಗದ ಹಲಗೆಯ ಕೆಳಗೆ ಇಡುವ ಯೋಚನೆಯಿತ್ತು. ಇವತ್ತು ಮುಂಜಾನೆ ಅರ್ಧ ಬರೆದ ಕಾಗದ ಅವಳ ಕೈಗೆ ಸಿಕ್ಕಿತು. ಓದಿದಳು. "ಹುಟ್ಟದವರಿಗೆ ಬರಿಲಿಕ್ಹತ್ತೀದಿ. ಹುಟ್ಟಿದಾಕಿ ಇಲ್ಲೇ ನಿಂತೀನಿ."

"ಇಳಿಸ್ತಾರ, ನೀಲಾ."

"ಇಳಿಸಲಿ. ಯಾರೂ ಕೇಳದ್ದನ್ನ ಎಷ್ಟು ದಿನ ಹೊತಗೊಂಡು ಕೂಡ್ಲಿ? ನೀ 'ನೆನಪಿಲ್ಲ' ಅಂದದ್ದು ದಿನಾ ಕೇಳಸ್ತದ ನನಗ. ನಿನ್ನ ದನಿಯೊಳಗನ."

ನಮಗೆಲ್ಲ ಕ್ಷಮಿಸುವುದು ಸುಲಭ, ಅರ್ಧ ಕೆಲಸವನ್ನು ಮರೆವೇ ಮಾಡಿಬಿಡುತ್ತದೆ. ಅವಳು ದಿನವೂ ಬೆಳಿಗ್ಗೆ ಎದ್ದು ಮೊದಲಿನಿಂದ ಕ್ಷಮಿಸಬೇಕು.

ತೀರ್ಪಿನ ಮೇಲೆ ತಕರಾರು ಹೇಳಲು ವರ್ಷದ ಗಡುವು ಇರುತ್ತದೆ. ಅದು ಇವತ್ತು ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆ. ಎಣಿಕೆಮನೆಗೆ ಅರ್ಧ ತಾಸಿನ ದಾರಿ. ಈ ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ನಿಂತು ಎರಡು ಸಲ ಕೂತಿದ್ದೇನೆ.

ಮಹಾಜನರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಎಣಿಕೆಮನೆಯ ಕಡತ ನಿಮ್ಮ ಕಾಲಕ್ಕೆ ಉಳಿದಿದ್ದರೆ, ನೀಲಗಂಗಾ ಎಂಬ ಹೆಸರಿನ ಮುಂದೆ ನೋಡಿ. ನೂರಾ ಎಂಟು ಎಂದು ತಿದ್ದಿದ್ದರೆ, ಸಂಗನಬಸಪ್ಪ ಹೋಗಿ ಬಾಯಿಬಿಟ್ಟ ಎಂದು ತಿಳಿಯಿರಿ, ಆಮೇಲೆ ಅವಳಿಗೆ ಏನಾಯಿತೆಂಬುದನ್ನು ಕಡೆತನಕ ಓದಿ. ನೂರಾ ಹತ್ತು ಎಂದೇ ಇದ್ದರೆ, ಅದನ್ನು ನೀವು ತಿದ್ದಿ, ನನ್ನನ್ನು ಬಯ್ಯಿರಿ. ನಾನು ಯಾವುದನ್ನು ಮಾಡಿದೆನೆಂದು ನಿಮಗೆ ಗೊತ್ತು. ನನಗೆ ಇನ್ನೂ ಗೊತ್ತಿಲ್ಲ.

ಹೊರಗೆ ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಕರೆಯುತ್ತಿಲ್ಲ.