ಸ್ಟೆಪ್ನಿಯ ಜಾಗದಲ್ಲಿ ಕೊಡ

ಬಂಡು,

ಅವ್ವನ ಹತ್ರ ದವಾಖಾನಿಗೆ ಹೊಂಟೀನಿ. ಅನ್ನ ಮುಚ್ಚಿಟ್ಟೀನಿ, ಉಣ್ಣು.

ಕಮಲಾಪುರದ ರಸ್ತೆದಾಗ ನಿಂತ ಕಾರು ಇವತ್ತ ತರಿಸು. ಹರಿದ ಟೈರಿನ ಬದಲಿಗೆ ಉಳಿದ ಮೂರರಂಥಾದ್ದೇ ತಗೋ, ಅಳತಿ ಕಾರಿನ ಬಾಗಲದಾಗ ಬರದದ.

ಗಾಳಿ ಹೋದ್ರೂ ಓಡೋ ಹಳೇ ಟೈರು ಅವ್ವನ ಸೊಂಟಕ್ಕ ಬಿರುಸು ಆಗ್ತಾವ ಅಂತ ಸಾದಾ ಟೈರು ಹಾಕಿಸಿದಿ. ಛಲೋನ ಮಾಡಿದಿ. ಆದ್ರ ಸಾದಾ ಟೈರಿಗೆ ಸ್ಟೆಪ್ನಿ ಬೇಕಲ್ಲೋ. ಅವ್ವನ ಮಡಿನೀರಿನ ಕೊಡಕ್ಕ ರಬ್ಬರ್ ತಾಕಬಾರದು ಅಂತ ಡಿಕ್ಕಿದಾಗಿಂದ ಅದನ್ನ ಮನ್ಯಾಗ ಇಳಿಸಿ ಹೋದಿ. ಜಡ್ಡಾದ ಅವ್ವನ ದವಾಖಾನಿಗೆ ಕರಕೊಂಡು ಬರೋವಾಗ ನಡುದಾರ್ಯಾಗ ಟೈರು ಹರೀತು. ತಡಾ ಮಾಡಿದ್ರಿ, ಇನ್ನ ನಮ್ಮ ಕೈಯಾಗಿಲ್ಲ ಅಂದ್ರು ಡಾಕ್ಟರು.

ಡಿಕ್ಕಿದಾಗ ಮತ್ತ ಸ್ಟೆಪ್ನಿ ಇಡು. ದವಾಖಾನಿಗೆ ಕೊಡ ತರಬ್ಯಾಡ. ನಿನ್ನೆ ನರ್ಸು ನಳದ ನೀರಾಗ ಹತ್ತಿ ಅದ್ದಿ ಅವ್ವನ ತುಟಿಗೆ ಹಚ್ಚಿದಳು. ಅವ್ವ ಬ್ಯಾಡ ಅನ್ನಲಿಲ್ಲ.

ಅಕ್ಕ