ಎಡಗಡೆಯ ಕೂದಲು

ಅಂಗಡಿಯ ಮೇಲಿನ ಕೋಣೆ
ಹದಿನೆಂಟನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನೀನು, ಅತ್ತಿಗೆ, ಪಾಪು ಮೂವರೂ ಹೇಗಿದ್ದೀರಿ? ಪಾಪುವಿನ ನೆಗಡಿ ಇಳಿಯಿತೇ? ನಿಂತು ನಿಂತು ನಿನ್ನ ಮೊಣಕಾಲು ಊದುತ್ತಿತ್ತಲ್ಲ, ಆ ಊರಿನ ಹೊಸ ಅಂಗಡಿಯಲ್ಲಾದರೂ ಗಿರಾಕಿ ಇಲ್ಲದಾಗ ಐದು ನಿಮಿಷ ಕೂರುತ್ತೀಯೋ ಇಲ್ಲವೋ. ಅತ್ತಿಗೆ ಗದರಿದರೆ ಮಾತ್ರ ಕೂರುವವನು ನೀನು. ಗದರಲಿಕ್ಕೆ ನಾನೇ ಹೇಳಿದೆ ಎಂದು ಅವರಿಗೆ ತಿಳಿಸು.

ಇನ್ನು ನನ್ನ ವಿಷಯ. ಫೋನಿನಲ್ಲಿ ಹೇಳಬೇಕೆಂದು ಮೂರು ಸಲ ಹೊರಟೆ. ನೀನು "ಏನೋ ಗುಂಗುರ, ಆರಾಮಾ?" ಎಂದ ಕೂಡಲೇ "ಹೂಂ, ಆರಾಮು" ಎಂದುಬಿಟ್ಟೆ. ಕುತ್ತಿಗೆಯ ಪಕ್ಕದ ಗಂಟು ಶೀತಕ್ಕೆ ಬಂದದ್ದು ಎಂದಿದ್ದೆನಲ್ಲ, ಸುಳ್ಳು. ಅದು ಕ್ಯಾನ್ಸರ್, ಅಣ್ಣಾ. ಗಾಬರಿಯಾಗಬೇಡ. ವಾಸಿಯಾಗುವಂಥದ್ದು ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ, ನಾನು ಕೇಳಿದ್ದು ಒಂದೇ ಸಲ. ಆರು ಸಲ ಔಷಧಿ ಏರಿಸಬೇಕಂತೆ, ಎರಡು ಮುಗಿದಿದೆ. ಏರಿಸಿದ ಮೇಲೆ ನಾಲ್ಕು ದಿನ ಅಂಗಡಿ ಮುಚ್ಚುತ್ತೇನೆ, ಆಮೇಲೆ ಬೆಳಿಗ್ಗೆ ಮಾತ್ರ ತೆರೆಯುತ್ತೇನೆ. ಊಟ ಅಷ್ಟಾಗಿ ಸೇರುವುದಿಲ್ಲ. ಕೈ ಮಾತ್ರ ನಡುಗುವುದಿಲ್ಲ.

ಕೂದಲು ಉದುರುತ್ತದೆ ಎಂದು ಆಸ್ಪತ್ರೆಯ ಸಿಸ್ಟರ್ ಮೊದಲೇ ಹೇಳಿದಾಗ ನಕ್ಕಿದ್ದೆ. ದಿನಾ ಕೂದಲು ಗುಡಿಸಿ ಚೀಲ ತುಂಬುವವನಿಗೆ ಅದೇನು ಹೊಸದು ಎಂದುಕೊಂಡೆ. ಹೋದ ತಿಂಗಳು ಬೆಳ್ಳಿ ಮೇಷ್ಟ್ರು ಬಂದು ಕೂತರು. ಅಪ್ಪನ ಕಾಲದ ಗಿರಾಕಿ, ಒಂದೇ ಒಂದು ಕರಿಗೂದಲಿಲ್ಲದ ತಲೆ, ನಿನಗೆ ಮರೆತಿರಲಾರದು. ಅವರ ಕಿವಿಯ ಹಿಂದೆ ಬಗ್ಗಿ ಕತ್ತರಿ ಆಡಿಸುತ್ತಿದ್ದೆ. ಹೊದಿಸಿದ ಬಟ್ಟೆಯ ಮೇಲೆ ಬಿಳಿ ತುಣುಕುಗಳ ನಡುವೆ ಕಪ್ಪು ಸುರುಳಿಗಳು ಬಿದ್ದವು. "ಏನಯ್ಯಾ, ಇಷ್ಟು ಕಪ್ಪು ಕೂದ್ಲು ನನ್ ತಲೇಲಿ ಎಲ್ಲಿತ್ತು? ನಮ್ಮನೆಯವಳಿಗೆ ತೋರಿಸ್ಬೇಕು ಕಣಯ್ಯಾ!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕನ್ನಡಿಯಲ್ಲಿ ನನ್ನ ತಲೆ ನೋಡಿದರು. ನಾನು ಬಟ್ಟೆ ಕೊಡವಿ ಇನ್ನೊಂದು ಕಿವಿಯ ಕಡೆಗೆ ಹೋದೆ. ಆ ದಿನ ನೆಲ ಗುಡಿಸುವಾಗ ನನ್ನದು ಯಾವುದು ಎಂದು ಬೇರೆಯಾಗಿ ಕಾಣುತ್ತಿತ್ತು. ಎಲ್ಲರದರ ಜೊತೆಗೇ ಚೀಲಕ್ಕೆ ಹಾಕಿದೆ. ಬೇರೆ ಏನು ಮಾಡಬೇಕಿತ್ತು?

ಈಗ ಹೆಣೆದ ಟೊಪ್ಪಿ ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಮೇಷ್ಟ್ರು ಮತ್ತೆ ಬಂದಿಲ್ಲ. ದಿನಕ್ಕೆ ಏಳೆಂಟು ತಲೆಗಳನ್ನು ಮುಟ್ಟುತ್ತೇನೆ ಅಣ್ಣಾ. ನೀನು ಹೋದಾಗಿನಿಂದ ನನ್ನ ತಲೆಯನ್ನು ಸರಿಯಾಗಿ ಮುಟ್ಟಿದವರಿಲ್ಲ. ಮೊದಲು ಅಪ್ಪ, ಆಮೇಲೆ ನೀನು. ವಾರದ ರಜೆಯ ದಿನ ಅರ್ಧ ಬಾಗಿಲು ಎಳೆದು ಒಬ್ಬರಿಗೊಬ್ಬರು ಕತ್ತರಿಸಿಕೊಳ್ಳುತ್ತಿದ್ದೆವು. ನಾನು ಅಲ್ಲಾಡಿದರೆ ನೀನು ಎರಡು ಬೆರಳಿನಿಂದ ಹಿಂದಲೆ ಒತ್ತಿ, "ತಲೆ ಬಗ್ಸೋ, ಕಿವಿ ಹೋದ್ರೆ ನನ್ನ ಕೇಳ್ಬೇಡ" ಎನ್ನುತ್ತಿದ್ದೆ. ಈ ಎರಡು ವರ್ಷ ಕೈಗೆ ಸಿಕ್ಕಷ್ಟನ್ನು ನಾನೇ ಕತ್ತರಿಸಿಕೊಂಡೆ. ಗುಂಗುರು ಕೂದಲು, ತಪ್ಪೆಲ್ಲ ಮುಚ್ಚಿಹೋಗುತ್ತಿತ್ತು.

ಉಳಿದದ್ದನ್ನು ಪೂರ್ತಿ ತೆಗೆದುಬಿಡೋಣ ಎಂದು ಮೊನ್ನೆ ರಜೆಯ ದಿನ ನಮ್ಮ ಕುರ್ಚಿಯಲ್ಲಿ ಕೂತೆ. ಗಾಯವಾದರೆ ಬೇಗ ಮಾಯುವುದಿಲ್ಲ, ಬ್ಲೇಡ್ ತಾಗಿಸಬೇಡಿ ಎಂದು ಸಿಸ್ಟರ್ ಹೇಳಿದ್ದರಿಂದ ಮೆಷಿನ್ ಹಿಡಿದೆ. ಬಲಗಡೆ ಚೆನ್ನಾಗಿಯೇ ಹೋಯಿತು. ಎಡಕ್ಕೂ ಹಿಂದಕ್ಕೂ ಬಂದಾಗ ಕೈ ಒಂದು ಕಡೆ, ಕನ್ನಡಿ ಒಂದು ಕಡೆ. ಊರಿನವರ ತಲೆಯೆಲ್ಲ ಗೊತ್ತಿರುವ ಕೈಗೆ ನನ್ನ ತಲೆ ಗೊತ್ತಿಲ್ಲ. ಅರ್ಧಕ್ಕೇ ಬಿಟ್ಟು ಟೊಪ್ಪಿ ಹಾಕಿಕೊಂಡು ಮೂಲೆಯ ಇನ್ನೊಂದು ಕ್ಷೌರದಂಗಡಿಯವರೆಗೆ ಹೋದೆ. ಅವನು ಒಳ್ಳೆಯವನೇ, "ಬಾರಪ್ಪಾ, ಒಳಗೆ ಬಾ" ಎಂದು ಕುರ್ಚಿ ಒರೆಸಿದ. ಟೊಪ್ಪಿ ತೆಗೆಯಲಾಗಲಿಲ್ಲ. "ಚಿಲ್ಲರೆ ಇದೆಯಾ?" ಎಂದು ಕೇಳಿ ವಾಪಸ್ಸು ಬಂದೆ.

ನೀನು ಬರಬೇಕೆಂದೇನೂ ಇಲ್ಲ. ಪಾಪು ಚಿಕ್ಕದು, ಅತ್ತಿಗೆ ಒಬ್ಬರೇ ಆಗುತ್ತಾರೆ, ಹೊಸ ಅಂಗಡಿ ಬೇರೆ. ನಾನು ನೋಡಿಕೊಳ್ಳುತ್ತೇನೆ.

ಅತ್ತಿಗೆಗೆ ನಮಸ್ಕಾರ. ಪಾಪುವಿಗೆ ನೆತ್ತಿಯ ಮೇಲೊಂದು ಮುತ್ತು. ಅದಕ್ಕೂ ಈಗ ಕೂದಲಿಲ್ಲವಂತಲ್ಲ, ಚಿಕ್ಕಪ್ಪನ ಜೊತೆಗಾರ ಎಂದು ಹೇಳು.

ಇಂತಿ,
ಸದ್ಯಕ್ಕೆ ಹೆಸರಿಗೆ ಮಾತ್ರ ಗುಂಗುರನಾದ
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಬರಬೇಕೆಂದೇನೂ ಇಲ್ಲ ಎಂದು ಮೇಲೆ ಬರೆದದ್ದನ್ನು ಬಿಡು. ಬರುವ ರಜೆಯ ದಿನ ಬಾ ಅಣ್ಣಾ, ಒಂದೇ ದಿನ. ಮೆಷಿನ್‌ಗೆ ಎಣ್ಣೆ ಹಾಕಿಟ್ಟಿದ್ದೇನೆ. ಎಡಗಡೆ ಹಾಗೇ ಇದೆ. ಬಂದವನು ಏನನ್ನೂ ಕೇಳಬೇಡ. ಬಾಗಿಲು ಅರ್ಧ ಎಳೆದು, ತಲೆ ಬಗ್ಸೋ ಅನ್ನು, ಸಾಕು.