ಹತ್ತದ ಕೆಂಪು ದೀಪ

ಮನೆ, ಮರಿಕೋಣೆ
ಶನಿವಾರ, ಮಧ್ಯಾಹ್ನ

ಅಣ್ಣಾ,

"ಪ್ರೀತಿಯ" ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಹೇಗಿದ್ದೀಯ? ಹಡಗಿನಲ್ಲಿ ಹೊಟ್ಟೆ ತೊಳಸುವುದು ಕಡಿಮೆಯಾಯಿತೇ? ಬೆನ್ನಿಗೆ ಅಮ್ಮ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಚೀಲದ ತಳದಲ್ಲೇ ಇದೆಯಾ? ಸರಿ, ಕುಶಲ ವಿಚಾರಿಸಿದ್ದಾಯಿತು. ಇನ್ನು ಬೈಗುಳ. ಫೋನಿನಲ್ಲಿ ಬೈದರೆ ಸಿಗ್ನಲ್ ಇಲ್ಲವೆಂದು ನುಣುಚಿಕೊಳ್ಳುತ್ತೀಯ, ಅದಕ್ಕೇ ಕಾಗದ. ಮುಂದಿನ ಬಂದರಿನಲ್ಲಿ ಕೈಗೆ ಸಿಗುತ್ತದೆ, ಪೂರ್ತಿ ಓದು.

ಈ ಸಲದ ಕೋಳಿಮರಿಗಳು ಮೊಟ್ಟೆಯಿಂದ ಹೊರಬರಲಿಲ್ಲ ಎಂಬುದು ನಿನಗೆ ಗೊತ್ತು. ಚಿಪ್ಪಿಗೆ ತೂತು ಕೊರೆದು, ಕೊಕ್ಕು ಹೊರಗಿಟ್ಟು, ಒಳಪೊರೆ ಒಣಗಿ ಮೈಗಂಟಿ ಅಲ್ಲೇ ಸತ್ತವು. ಕಾವು ಪೆಟ್ಟಿಗೆಯ ನೀರಿನ ತಟ್ಟೆ ಒರೆಸಿಟ್ಟಂತೆ ಒಣಗಿತ್ತು. ತೇವ ಇಳಿದರೆ ನೀನು ಮಾಡಿಟ್ಟ ಯಂತ್ರ ಕೆಂಪು ದೀಪ ಹೊತ್ತಿಸಬೇಕು, ಅಮ್ಮ ನೀರು ಹಾಕಬೇಕು, ಇದು ತಾನೆ ಏರ್ಪಾಡು? ಮರಿ ಕೊಳ್ಳಲು ಬಂದ ವ್ಯಾಪಾರಿಯ ಮುಂದೆಯೇ ಅಪ್ಪ ಅವಳ ಮೇಲೆ ಹರಿಹಾಯ್ದರು. "ಒಂದು ದೀಪ ನೋಡ್ಕೊಂಡಿರೋಕಾಗಲ್ವಾ ನಿಂಗೆ?" ಅಂದರು. "ದೀಪ ಹತ್ತಲೇ ಇಲ್ಲ ರೀ" ಎಂದು ಅವಳು ಎಷ್ಟು ಹೇಳಿದರೂ ಕೇಳುವವರಿಲ್ಲ. ನೀನಾದರೂ ಅವಳ ಪರ ನಿಲ್ಲುತ್ತೀಯ ಎಂದುಕೊಂಡರೆ, ಫೋನಿನಲ್ಲಿ ನಕ್ಕುಬಿಟ್ಟೆ! "ಅಮ್ಮ ತೂಕಡಿಸಿರ್ತಾಳೆ ಬಿಡು, ಮಷೀನ್ ಸುಳ್ಳು ಹೇಳಲ್ಲ." ಸ್ಪೀಕರ್ ಹಾಕಿತ್ತು, ಅಮ್ಮ ಅಲ್ಲೇ ನಿಂತಿದ್ದಳು. ಅಂದಿನಿಂದ ಅವಳು ಮರಿಕೋಣೆಗೆ ಕಾಲಿಟ್ಟಿಲ್ಲ. ಬಾಗಿಲವರೆಗೆ ಬಂದು, "ನೀವೇ ನೋಡ್ಕೊಳ್ಳಿ" ಎಂದು ತಿರುಗಿ ಹೋಗುತ್ತಾಳೆ.

ನನಗೆ ಮೈಯೆಲ್ಲ ಉರಿದುಹೋಯಿತು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ದಿನವಿಡೀ ಬೋರ್ಡುಗಳ ಜೊತೆ ಗುದ್ದಾಡುವವಳು ನಾನು, ನಿನ್ನ ಯಂತ್ರಕ್ಕೆ ಹೆದರುತ್ತೇನೆಯೇ? ಕರೆಂಟ್ ಆರಿಸದೆ ಮುಚ್ಚಳ ಬಿಚ್ಚಿದೆ. ತೇವ ಅಳೆಯುವ ಸೆನ್ಸರಿನ ಕಾಲುಗಳಿಗೆಲ್ಲ ಕಿಲುಬು. ಅದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಪರದೆ ನೋಡಿದರೆ ತೇವಾಂಶ ಅರವತ್ತೈದು! ಸೆನ್ಸರ್ ನನ್ನ ಕೈಯಲ್ಲಿದೆ, ಅಂಕಿ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಆಮೇಲೆ ಯಂತ್ರಕ್ಕೆ ನೀನು ಸಿ ಭಾಷೆಯಲ್ಲಿ ಬರೆದ ಕೋಡ್ ತೆರೆದೆ. ಮೊದಲ ಭಾಗ ಸೊಗಸಾಗಿದೆ, ಕೋಪದಲ್ಲೂ ಒಪ್ಪುತ್ತೇನೆ. ಯಾರೋ ಬರೆದಿಟ್ಟ ಲೈಬ್ರರಿಯ ಹಂಗಿಲ್ಲದೆ ನೇರವಾಗಿ ಚಿಪ್‌ನೊಳಗಿನ ರಿಜಿಸ್ಟರ್ ಎಂಬ ಪುಟ್ಟ ಗೂಡಿಗೇ ಬರೆದು, ತಂತಿಯ ವೋಲ್ಟೇಜನ್ನು ಕೆಳಗಿಳಿಸಿ ಸೆನ್ಸರನ್ನು ಎಬ್ಬಿಸುತ್ತೀಯ. ಅದು ಕಳಿಸುವ ಮಿಡಿತಗಳನ್ನು ಅಳೆಯುತ್ತೀಯ, ಗಿಡ್ಡದ್ದು ಸೊನ್ನೆ, ಉದ್ದದ್ದು ಒಂದು. ಅದು ಪಾಪ ಐದು ಬೈಟ್ ಕಳಿಸುತ್ತದೆ: ನಾಲ್ಕರಲ್ಲಿ ತೇವ ಮತ್ತು ಶಾಖ, ಐದನೆಯದು ಆ ನಾಲ್ಕರ ಮೊತ್ತ, ತಾಳೆ ನೋಡಲಿಕ್ಕೆ. ತಾಳೆಯನ್ನೂ ನೋಡಿದ್ದೀಯ. ತಾಳೆಯಾಗದಿದ್ದರೆ, ಉತ್ತರವೇ ಬಾರದಿದ್ದರೆ, ಏನು ಮಾಡಿದ್ದೀಯ ಮಹರಾಯ? ಹಿಂದಿನ ಅಂಕಿಯನ್ನೇ ಮತ್ತೆ ತೋರಿಸಿದ್ದೀಯ! ಎಷ್ಟು ಸಲ ತಪ್ಪಿದರೂ ಅದೇ. ಅಂಕಿಯೇ ಇಳಿಯದಿದ್ದರೆ ಕೆಂಪು ದೀಪ ಹತ್ತುವುದೆಲ್ಲಿಂದ? ಯಾಕೆಂದು ನನಗೆ ಗೊತ್ತಿಲ್ಲವೇ? ಮೊದಲ ದಿನ ಪರದೆಯ ಮೇಲೆ 'ದೋಷ' ಎಂದು ಬಂದು ಬಂದು ಹೋಗುವಾಗ ಅಪ್ಪ "ನಿನ್ನ ಡಬ್ಬಕ್ಕೆ ಬಿಕ್ಕಳಿಕೆ ಕಣೋ" ಎಂದು ಗೇಲಿ ಮಾಡಿದ್ದರು. ನಿನಗೆ ಮುಖಭಂಗವಾಯಿತು, ಆ ಪದವನ್ನೇ ತೆಗೆದುಹಾಕಿದೆ. ಸಾಲದ್ದಕ್ಕೆ, "ಕೊನೇ ದಿನಗಳಲ್ಲಿ ಬಾಗಿಲು ತೆಗೀಬೇಡಮ್ಮಾ, ಕೆಂಪು ದೀಪ ಬಂದ್ರೆ ಮಾತ್ರ ಹೊರಗಿನ ಕೊಳವೇಲಿ ನೀರು ಬಿಡು" ಎಂದು ಹೇಳಿ ಹೋದವನೂ ನೀನೇ. ಅಮ್ಮ ನಿನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು.

ಕೋಡ್ ತಿದ್ದಿದ್ದೇನೆ. ಈಗ ಸೆನ್ಸರ್ ಸುಮ್ಮನಾದರೆ ಅಂಕಿ ಅಳಿಸಿ ದೀಪ ಹತ್ತುತ್ತದೆ. ಆದರೆ ಅಪ್ಪನ ತಲೆಯಲ್ಲಿ ಕೂತದ್ದನ್ನು ತೆಗೆಯಬೇಕಾದವನು ನೀನು. ನಾನು ಹೇಳಿ ನೋಡಿದೆ, "ನಿಂಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು" ಅಂದರು. ದಡಕ್ಕೆ ಇಳಿದ ತಕ್ಷಣ ಅಪ್ಪನಿಗೆ ಫೋನ್ ಮಾಡು, ತಪ್ಪು ನಿನ್ನದೆಂದು ಹೇಳು, ಅಮ್ಮ ಕೇಳಿಸಿಕೊಳ್ಳುವ ಹಾಗೆ ಹೇಳು. ನೆಪ ಹೇಳಿದೆಯೋ, ಇನ್ನೊಂದು ಕಾಗದ ಇದಕ್ಕಿಂತ ಕೆಟ್ಟದಾಗಿ ಬರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಆಶೀರ್ವಾದ ಇದೆ. ನನ್ನ ಪ್ರೀತಿಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ನಿನ್ನ ತಂಗಿ,
(ನೀನೇ ಇಟ್ಟ ಹೆಸರು) ಗಯ್ಯಾಳಿ

ವಿ.ಸೂ.: ಕವರ್ ಅಂಟಿಸುವ ಮೊದಲು ಅಮ್ಮನನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಅವಳಿಗೆ ಪೂರ್ತಿ ಅರ್ಥವಾಯಿತು. "ಅವನಿಗೆ ಬರೀಬೇಡ ಕಣೇ. ಅಷ್ಟು ದೂರ ಒಬ್ನೇ ಇದಾನೆ, ಕೊರಗ್ತಾನೆ. ನಾನೇ ಮರೆತೆ ಅಂತ ಇರ್ಲಿ ಬಿಡು" ಅಂದಳು. ಅವಳು ಕಾಗದ ಕಸಿದುಕೊಳ್ಳುವ ಮೊದಲು ಅಂಚೆ ಡಬ್ಬಕ್ಕೆ ಓಡುತ್ತಿದ್ದೇನೆ.